ಗಡಿಯಾರ ನೆನಪಿದೆ, ಕೊರಳು ನೆನಪಿಲ್ಲ

ನಿನ್ನೆ ರಾತ್ರಿ ಲಂಡನ್ನಿನ ಪುಟ್ಟ ರಂಗಮಂದಿರವೊಂದರಲ್ಲಿ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಸೆ ಕುರಿತ ಏಕವ್ಯಕ್ತಿ ಪ್ರದರ್ಶನ ನೋಡಿ ಬಂದೆ. ಇನ್ನೂ ಸಿಟ್ಟು ಇಳಿದಿಲ್ಲ. ನಟಿಯ ಮೇಲೆ ಖಂಡಿತ ಅಲ್ಲ. ಹನಿ ನೀರಿಲ್ಲದ ಹಲಗೆಯ ಮೇಲೆ ನಿಂತು ಆಕೆ ಕಡಲಿನ ಚಳಿಯನ್ನು ನಮ್ಮ ಮೈಗೆ ಹತ್ತಿಸಿದಳು. ಸಿಟ್ಟು ಬಂದದ್ದು ಹೊರಬರುವಾಗ ಬಾಗಿಲ ಬಳಿ ಕೇಳಿದ ಮಾತಿಗೆ: "ಓ, ಆ ರೋಲೆಕ್ಸ್ ಗಡಿಯಾರದ ಹುಡುಗಿ!"

ಗಡಿಯಾರದ ಹುಡುಗಿಯಂತೆ! ಟೈಪಿಸ್ಟ್ ಆಗಿ ದುಡಿಯುತ್ತ ಥೇಮ್ಸ್ ನದಿಯಲ್ಲಿ ಪಳಗಿದವಳು. ಏಳು ಸಲ ಸೋತು, ಎಂಟನೆಯ ಸಲ, 1927ರ ಅಕ್ಟೋಬರ್ 7ರಂದು, 15 ಗಂಟೆ 15 ನಿಮಿಷ ಈಜಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ. ನಾಲ್ಕೇ ದಿನಕ್ಕೆ ಡೊರೊಥಿ ಲೋಗನ್ ಎಂಬ ವೈದ್ಯೆ ತಾನೂ ದಾಟಿದೆನೆಂದಳು, ಬಳಿಕ ಅದು ಸುಳ್ಳೆಂದು ಒಪ್ಪಿಕೊಂಡಳು. ಸುಳ್ಳು ಯಾರದೋ, ಅನುಮಾನ ಮರ್ಸಿಡಿಸ್ ಮೇಲೆ. ಅಕ್ಟೋಬರ್ 21ರಂದು ಆಕೆ ಮತ್ತೆ ನೀರಿಗಿಳಿದಳು. ನಾನು ತುಂಗೆಯ ದಡದವಳು. ಮಾಗಿಯ ನೀರಿನಲ್ಲಿ ಅರ್ಧ ಗಂಟೆಗೇ ಬೆರಳು ಮರಗಟ್ಟುತ್ತಿದ್ದವು. ಆಕೆ ಆ ಕೊರೆಯುವ ಕಡಲಿನಲ್ಲಿ ಹತ್ತು ಗಂಟೆಗೂ ಮಿಕ್ಕಿ ಈಜಿದಳು. ದಡ ಸಿಗಲಿಲ್ಲ, ದೋಣಿಗೆ ಎಳೆದುಕೊಂಡರು. ಆ ತ್ರಾಣ ಕಂಡ ಮೇಲೆ ಅನುಮಾನಿಸುವ ಬಾಯಿಗಳು ಮುಚ್ಚಿದವು. ಕೊರಳಲ್ಲಿ ತೂಗುತ್ತಿದ್ದ ರೋಲೆಕ್ಸ್ ಗಡಿಯಾರ ನೀರಿನಲ್ಲೂ ಓಡುತ್ತಲೇ ಇತ್ತು. ಮರುತಿಂಗಳು ಪತ್ರಿಕೆಯ ಮುಖಪುಟದಲ್ಲಿ ಅದರದೇ ಜಾಹೀರಾತು.

ಹೇಳಿಬಿಡುತ್ತೇನೆ: ಕಳೆದ ವಾರದವರೆಗೆ ನಾನೂ ಆಕೆಯನ್ನು ಬಲ್ಲದ್ದು ಆ ಜಾಹೀರಾತಿನಿಂದಲೇ. ಅದಕ್ಕೇ ಆ ಮಾತು ಅಷ್ಟು ಚುಚ್ಚಿತು.

ಗಡಿಯಾರವಿಲ್ಲದಿದ್ದರೆ ಇಷ್ಟಾದರೂ ನೆನಪಿರುತ್ತಿತ್ತೇ ಎಂದು ಜೊತೆಗಿದ್ದ ಗೆಳತಿ ಕೇಳಿದಳು. ಇದೆಂಥ ನೆನಪು? ಒಂದು ದಿನದ ಈಜಿಗೆ ಕಟ್ಟಿಹಾಕಿದ ನೆನಪು. 1928ರ ಏಪ್ರಿಲ್‌ನಲ್ಲಿ ಸ್ಪೇನ್ ಮತ್ತು ಆಫ್ರಿಕಾ ನಡುವಿನ ಜಿಬ್ರಾಲ್ಟರ್ ಜಲಸಂಧಿಯನ್ನು ಈಜಿ ದಾಟಿದಳು; ಗಂಡಸರನ್ನೂ ಸೇರಿಸಿ ಎಣಿಸಿದರೂ ಆಕೆಯೇ ಮೊದಲಿಗಳು. ಈಜಿ ಗಳಿಸಿದ ಹಣದಿಂದ 1933ರಲ್ಲಿ ಲೆಸ್ಟರ್‌ನಲ್ಲಿ ಸೂರಿಲ್ಲದವರಿಗೆ ಮನೆಗಳನ್ನು ತೆರೆದಳು. ಅದಕ್ಕಾಗಿಯೇ ಅಷ್ಟು ವರ್ಷ ನೀರಿನಲ್ಲಿ ಮೈ ಸವೆಸಿದ್ದು! 1981ರಲ್ಲಿ ತೀರಿಕೊಂಡಳು, ಸದ್ದಿಲ್ಲದೆ.

ನಟಿ ಕೊನೆಯಲ್ಲಿ ಗಡಿಯಾರವನ್ನು ಕೊರಳಿಂದ ತೆಗೆದಿಟ್ಟು, ಕಂಬಳಿ ಹೊದ್ದು ಕೂತು, ಆ ಮನೆಗಳ ಮಾತು ಆರಂಭಿಸಿದಳು. ನನ್ನ ಮುಂದಿನ ಸಾಲಿನವರು ಆಗಲೇ ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು.