1992ಕ್ಕಿಂತ ಹಿರಿಯ ಮಾಳಿಗೆ

ಹಂಪಿಯ ಎದುರುದಂಡೆಯ ಆನೆಗೊಂದಿಯಂಥ, ಹಳೆಯ ಸ್ಮಾರಕಗಳಿರುವ ಊರಿನಲ್ಲಿ ಮಾಳಿಗೆ ಸೋರತೊಡಗಿದರೆ ಮನೆಯ ಯಜಮಾನರು ಮೊದಲು ಹುಡುಕಬೇಕಾದದ್ದು ಗೌಂಡಿಯನ್ನಲ್ಲ, ದಾಖಲೆಯನ್ನು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದೊಳಗಿನ ಮನೆಯ ದುರಸ್ತಿಗೆ ಅನುಮತಿ ಕೇಳಬೇಕಾದರೂ ಆ ಮನೆ 1992ರ ಜೂನ್ 16ಕ್ಕೆ ಮುಂಚೆಯೇ ಅಲ್ಲಿದ್ದಿರಬೇಕು, ಇಲ್ಲವೇ ಆಮೇಲೆ ಅನುಮತಿ ಪಡೆದು ಕಟ್ಟಿದ್ದಾಗಿರಬೇಕು. ಮುತ್ತಜ್ಜ ನಿಲ್ಲಿಸಿದ ಕಂಬ, ತಲೆಮಾರುಗಳ ಹೊಗೆ ಹಿಡಿದು ಕಪ್ಪಾದ ಜಂತಿ, ಕಾಲು ಸವೆಸಿದ ಹೊಸ್ತಿಲು ಇವೆಲ್ಲ ಕಣ್ಣಿಗೆ ಕಾಣುತ್ತವೆಯೇ ಹೊರತು ಕಡತಕ್ಕೆ ಲಗತ್ತಿಸಲು ಬರುವುದಿಲ್ಲ. ಹೊಸ್ತಿಲಿಗೆ ನೋಟರಿ ಸಹಿ ಹಾಕಿಸಿಡಬೇಕೆಂಬ ಮುಂದಾಲೋಚನೆ ವಿಜಯನಗರದ ಅರಸರಿಗೂ ಇರಲಿಲ್ಲ.

ಶೌಚಾಲಯದ ವಿಷಯದಲ್ಲಿ ಇದೇ ಕಾಯ್ದೆಯ ವಿವೇಚನೆ ಇನ್ನೂ ಸೂಕ್ಷ್ಮವಾದದ್ದು. ಸಾರ್ವಜನಿಕ ಶೌಚಾಲಯವನ್ನು ಅದು ನಿರ್ಮಾಣದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅದೇ ನಾಲ್ಕು ಗೋಡೆಗಳನ್ನು ಸೊಸೆಗಾಗಿ ಹಿತ್ತಲಿನಲ್ಲಿ ಹೊಸದಾಗಿ ಎಬ್ಬಿಸಿದರೆ ಮಾತ್ರ ಅದು ನಿರ್ಮಾಣ, ಪರಂಪರೆಗೆ ಅಪಾಯ. ನಿಷೇಧಿತ ಪ್ರದೇಶದಲ್ಲಾದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಬುದ್ಧಿವಂತ ಗೃಹಸ್ಥರು ಹಿತ್ತಲಿನ ಬಾಗಿಲ ಮೇಲೆ ‘ಸರ್ವರಿಗೂ ಸ್ವಾಗತ’ ಎಂದು ಬರೆಸಿ, ತಮ್ಮ ಮನೆಯವರೂ ಸಾರ್ವಜನಿಕರೇ ಎಂದು ವಾದ ಹೂಡುವುದು ಒಳ್ಳೆಯದು.

ಇದು ಸಾಲದೆಂದು 2002ರ ಕಾಯ್ದೆಯಿಂದ ಹುಟ್ಟಿದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವೂ ಇದೆ. ಇಷ್ಟು ಕಣ್ಣುಗಳ ಕಾವಲಿರುವಲ್ಲಿ ಏನೂ ತಪ್ಪಿಸಿಕೊಳ್ಳಲಾರದು ಎಂದು ನಂಬಿದವರು ತುಂಗಭದ್ರೆಯ ಕಡೆಗೊಮ್ಮೆ ನೋಡಬೇಕು. ಸರ್ಕಾರವೇ ಕಟ್ಟಲು ಹೊರಟ ಆನೆಗೊಂದಿಯ ಸೇತುವೆಯಿಂದ ಪರಂಪರೆಗೆ ಧಕ್ಕೆಯಿದೆ ಎಂಬುದನ್ನು ಯುನೆಸ್ಕೊ ತೋರಿಸಿಕೊಡಬೇಕಾಯಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂತು. 2009ರ ಜನವರಿಯಲ್ಲಿ, ಇನ್ನೂ ಮುಗಿಯದಿದ್ದ ಆ ಸೇತುವೆ ಕುಸಿದು ದುಡಿಯುತ್ತಿದ್ದ ಕಾರ್ಮಿಕರ ಪ್ರಾಣ ತೆಗೆಯಿತು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಹಿತ್ತಲಿನ ಇಟ್ಟಿಗೆಯನ್ನು ಎಣಿಸಬಲ್ಲ ವ್ಯವಸ್ಥೆಗೆ ಹೊಳೆಯ ನಡುವಿನ ಕಂಬಗಳು ಅಷ್ಟು ವರ್ಷ ಕಾಣದಿದ್ದುದು ಹೇಗೆ ಎಂದು ಕೇಳದಿರುವುದೂ ಕಷ್ಟ.

2019ರ ಜುಲೈನಲ್ಲಿ ನಿಧಿಯ ಆಸೆಗೆ ಬಿದ್ದವರು ಅದೇ ಹೊಳೆಯ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ಸಮಾಧಿಗಳಿರುವ ನವಬೃಂದಾವನಕ್ಕೆ ನುಗ್ಗಿ ವ್ಯಾಸರಾಜರ ಬೃಂದಾವನವನ್ನೇ ಒಡೆದುಹಾಕಿದರು. ಅವರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿರಲಿಲ್ಲ. ಸಲ್ಲಿಸಿದ್ದರೆ ನಕಾಶೆ, ಛಾಯಾಚಿತ್ರ, ಪಂಚಾಯಿತಿಯ ಪತ್ರ ಎಂದು ಅಲೆದಲೆದು ನಿಧಿಯ ಆಸೆಯನ್ನೇ ಬಿಟ್ಟಿರುತ್ತಿದ್ದರು, ಬೃಂದಾವನ ಉಳಿಯುತ್ತಿತ್ತು.

ಇನ್ನು ನಮ್ಮ ಮಾಳಿಗೆಯ ಯಜಮಾನರು. ದಾಖಲೆ ಕೂಡಿಬರುವುದರೊಳಗೆ ಒಂದು ಜಡಿಮಳೆ ಹಿಡಿದು ಪಡಸಾಲೆಯ ಗೋಡೆ ಬಿದ್ದರೆ ಅವರು ಪರಿಹಾರದ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಮನೆ ಹಳೆಯದೆಂದು ಸಾಬೀತುಪಡಿಸಲು ಕಷ್ಟಪಟ್ಟು ಕಲೆಹಾಕಿದ ಕಾಗದಗಳನ್ನೆಲ್ಲ ಅಭ್ಯಾಸಬಲದಿಂದ ಅಲ್ಲಿಯೂ ಲಗತ್ತಿಸುತ್ತಾರೆ. ಗುಮಾಸ್ತರು ಒಂದೊಂದನ್ನೂ ತಿರುವಿಹಾಕಿ, ಕನ್ನಡಕ ಮೇಲೇರಿಸಿ ಕೇಳುತ್ತಾರೆ: “ಇಷ್ಟು ಹಳೀ ಮನಿ ಬೀಳದ ಇನ್ನೇನ್ ಆಗ್ತೈತ್ರಿ ಯಜಮಾನ್ರ?”