ಚಿತ್ರಕಲಾ ಕೊಠಡಿಯಲ್ಲಿ ಅಕ್ಕಿ ಮೂಟೆ

ನಿನ್ನೆ ತಂಗಿಯ ಮಗಳ ಅಂಕಪಟ್ಟಿಗೆ ಸಹಿ ಹಾಕಲು ಕೊಪ್ಪಳದ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಒಂದು ಬಾಗಿಲ ಮೇಲೆ ‘ಚಿತ್ರಕಲಾ ಕೊಠಡಿ’ ಎಂದಿತ್ತು. ಆಸೆಯಿಂದ ಇಣುಕಿದೆ. ಬಿಸಿಯೂಟದ ಅಕ್ಕಿ ಮೂಟೆ, ಎಣ್ಣೆ ಡಬ್ಬ, ಕಾಲು ಮುರಿದ ಬೆಂಚು. ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ಯಾವ ಕಾಲದಲ್ಲೋ ಯಾರೋ ಬರೆದ ನವಿಲು. ಅದರ ಬಾಲವನ್ನು ಇಲಿ ತಿಂದಿತ್ತು.

“ಚಿತ್ರಕಲೆ ಮೇಷ್ಟ್ರು ನಿವೃತ್ತರಾಗಿ ನಾಲ್ಕು ವರ್ಷವಾಯಿತು ಸರ್. ಆ ಪಿರಿಯಡ್ ಈಗ ಗಣಿತಕ್ಕೆ ಹೋಗುತ್ತದೆ” ಎಂದರು ಅಲ್ಲಿದ್ದ ಶಿಕ್ಷಕರು, ಬೋರ್‌ವೆಲ್ ಕೆಟ್ಟಿದೆ ಎನ್ನುವಷ್ಟೇ ಸಲೀಸಾಗಿ.

ಗೋಡೆಬರಹ ಬರೆದು ಕಾಲೇಜು ಶುಲ್ಕ ಕಟ್ಟಿದವನು ನಾನು. ಕುಂಚ ಹಿಡಿಯಲು ಕಲಿಸಿದ್ದು ಇಂಥದ್ದೇ ಶಾಲೆಯ ಮೇಷ್ಟ್ರು. ಹಾಗಾಗಿ ಸಿಟ್ಟು ಇನ್ನೂ ಇಳಿದಿಲ್ಲ.

ಇಲ್ಲಿಂದ ಬಸ್ ಹತ್ತಿದರೆ ಅರ್ಧ ಗಂಟೆಗೆ ಕಿನ್ನಾಳ. ಗೋಣಿ ಚಿಂದಿ, ಕಟ್ಟಿಗೆ ಹುಡಿ, ಹುಣಸೆ ಬೀಜದ ಅಂಟು ಕಲಸಿ ‘ಕಿಟ್ಟ’ ಮಾಡಿ ಗೊಂಬೆಗೆ ಮೈ ಕೊಡುವ ಚಿತ್ರಗಾರರ ಊರು. ಆ ಗೊಂಬೆ ಕಲೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. 2025ರಲ್ಲಿ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವನವರಿಗೆ ಪದ್ಮಶ್ರೀ ಬಂದಾಗ ನಮ್ಮ ಹೆಮ್ಮೆಯನ್ನು ನೋಡಬೇಕಿತ್ತು! ಆದರೆ ಇದೇ ಜಿಲ್ಲೆಯ ಈ ಶಾಲೆಯ ಮಕ್ಕಳಿಗೆ ಬಣ್ಣ ಕಲಸಲು ವಾರಕ್ಕೊಂದು ಪಿರಿಯಡ್ ಇಲ್ಲ. ಕಲೆ ನೆನಪಾಗುವುದು ಪ್ರತಿಭಾ ಕಾರಂಜಿಯ ಹಿಂದಿನ ವಾರ. ಮೊಬೈಲಿನಲ್ಲಿ ಜಾನಪದ ಗೀತೆ ಕೇಳಿಸಿ ನಾಲ್ಕು ದಿನ ಬಾಯಿಪಾಠ ಮಾಡಿಸಿದರೆ ಮುಗಿಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಭಾಗ ಹಿಂದಿದೆ, ಮೊದಲು ಗಣಿತ ಕಲಿಯಲಿ ಎನ್ನುತ್ತೀರಿ. ಕಲಿಯಲಿ, ಯಾರು ಬೇಡ ಎಂದರು? ನಾಲ್ಕು ವರ್ಷದಿಂದ ಚಿತ್ರಕಲೆಯನ್ನು ನುಂಗುತ್ತಿರುವ ಗಣಿತ ಇಷ್ಟು ಹೊತ್ತಿಗೆ ಮೈ ತುಂಬಿಕೊಳ್ಳಬೇಕಿತ್ತಲ್ಲ!

ಇಷ್ಟು ಬರೆದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ನನ್ನ ಮಗ ಡ್ರಾಯಿಂಗ್ ಲೋವರ್ ಪರೀಕ್ಷೆಯ ಅರ್ಜಿ ತಂದಾಗ “ಮೊದಲು ಹತ್ತನೇ ತರಗತಿ ಮುಗಿಸು” ಎಂದು ಮಡಚಿ ಫ್ರಿಜ್ಜಿನ ಮೇಲಿಟ್ಟವನು ನಾನೇ. ಅವನು ಮತ್ತೆ ಕೇಳಲಿಲ್ಲ.

ಅಂಕಪಟ್ಟಿಯಲ್ಲಿ ತಂಗಿಯ ಮಗಳಿಗೆ ಚಿತ್ರಕಲೆಯಲ್ಲಿ ‘ಎ’ ಶ್ರೇಣಿ. “ಯಾವ ಚಿತ್ರ ಬರೆದಿದ್ದೆ?” ಎಂದು ಕೇಳಿದೆ.

“ಯಾವುದೂ ಇಲ್ಲ ಮಾಮಾ. ಎಲ್ಲರಿಗೂ ಅದೇ ಕೊಟ್ಟಿದ್ದಾರೆ.”

ಸಹಿ ಹಾಕಿ ಬಂದೆ.