ವೈರಸ್ ಹೋಯ್ತು, ಕಂಪ್ಯೂಟರ್ ಮಾತ್ರ ಏಳ್ತಿಲ್ಲ

"ಆಂಟಿವೈರಸ್ ಎಲ್ಲ ಕ್ಲೀನ್ ಅಂತ ತೋರಿಸ್ತು ಕಣೋ. ರೀಸ್ಟಾರ್ಟ್ ಮಾಡು ಅಂತು, ಮಾಡಿದೆ. ಈಗ ಪಾಸ್‌ವರ್ಡ್ ಹೊಡೆದ ಮೇಲೆ ಬರೀ ಕಪ್ಪು ಸ್ಕ್ರೀನು, ಅದರಲ್ಲಿ ಮೌಸ್ ಬಾಣ ಒಂದು ಓಡಾಡ್ತಿದೆ."

ಅಕ್ಕನ ಫೋನ್ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಆ ಲ್ಯಾಪ್‌ಟಾಪಿನಲ್ಲಿ ಅವಳ ಮೂರು ವರ್ಷದ ಥೀಸಿಸ್ ಇದೆ, ಬೇರೆಲ್ಲೂ ಕಾಪಿ ಇಲ್ಲ. ನನಗೆ ಮಾಡೋ ಮೊದಲೇ ನಾಲ್ಕು ಜನರನ್ನು ಕೇಳಿಯಾಗಿತ್ತು. ನಾಲ್ವರೂ ಹೇಳಿದ್ದು ಒಂದೇ ಮಾತು: ಫಾರ್ಮ್ಯಾಟ್ ಹೊಡೆಸಿಬಿಡು.

ಈ ಮಾತು ಕೇಳಿದರೆ ನನಗೆ ರೇಗುತ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳೋ ಸಲಹೆ ಇದು. ಫಾರ್ಮ್ಯಾಟ್ ಮಾಡಲೇಬಾರದು ಅಂತಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಸಿಸ್ಟಮ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಒಂದು ಸಲವೂ ನೋಡದೆ, ಒಳಗೆ ಏನಿದೆ ಅಂತ ಕೇಳದೆ, ಎಲ್ಲ ಅಳಿಸು ಅನ್ನೋದು ಯಾವ ಸೀಮೆಯ ರಿಪೇರಿ?

ಆಂಟಿವೈರಸ್ "ಕ್ಲೀನ್" ಅಂದರೆ ಕೆಟ್ಟ ಫೈಲನ್ನು ತೆಗೆದಿದೆ ಅಂತ ಅರ್ಥ, ಅಷ್ಟೇ. ಆ ಫೈಲ್ ಇದ್ದಷ್ಟು ದಿನ ವಿಂಡೋಸ್ ಒಳಗೆ ಏನೇನು ತಿರುಚಿತ್ತೋ ಅದನ್ನೆಲ್ಲ ಮೊದಲಿನಂತೆ ಮಾಡಿದೆ ಅಂತ ಅಲ್ಲ. ಇಂಥ ಕೆಟ್ಟ ಪ್ರೋಗ್ರಾಂಗೆ ಮಾಲ್‌ವೇರ್ ಅಂತಾರೆ. ಅದಕ್ಕೆ ಮುಖ್ಯವಾಗಿ ಬೇಕಾಗಿರೋದು ಪ್ರತಿ ಸಲ ಕಂಪ್ಯೂಟರ್ ಆನ್ ಆದಾಗ ತಾನೂ ಏಳೋದು. ಹಾಗಾಗಿ ಅದು ಹೋಗಿ ಕೂರೋದೇ ಸ್ಟಾರ್ಟಪ್ ದಾರಿಯಲ್ಲಿ. ಫೈಲ್ ಹೋದರೂ ದಾರಿಯಲ್ಲಿ ಅದರ ಹೆಸರು ಉಳಿದಿರುತ್ತದೆ. ವಿಂಡೋಸ್ ಪಾಪ ಆ ಹೆಸರು ಹಿಡಿದು ಕೂಗುತ್ತದೆ, ಓಗೊಡೋರು ಯಾರೂ ಇರಲ್ಲ.

ಪವರ್ ಒತ್ತಿದ ಮೇಲೆ ಮದರ್‌ಬೋರ್ಡಿನ ಫರ್ಮ್‌ವೇರ್ (ಬೋರ್ಡಿನಲ್ಲೇ ಕೂತಿರೋ ಸಾಫ್ಟ್‌ವೇರ್) ಮೊದಲು ಏಳುತ್ತದೆ, ಅದು ಬೂಟ್ ಮ್ಯಾನೇಜರನ್ನು ಎಬ್ಬಿಸುತ್ತದೆ, ಆಮೇಲೆ ವಿಂಡೋಸಿನ ತಿರುಳಾದ ಕರ್ನಲ್, ಹಾರ್ಡ್‌ವೇರ್ ನಡೆಸೋ ಡ್ರೈವರುಗಳು, ಲಾಗಿನ್. ಲಾಗಿನ್ ಆದ ಮೇಲೆ ಯೂಸರ್‌ಇನಿಟ್ ಅನ್ನೋ ಪುಟ್ಟ ಪ್ರೋಗ್ರಾಂ ಬಂದು ಎಕ್ಸ್‌ಪ್ಲೋರರನ್ನು ಎಬ್ಬಿಸುತ್ತದೆ. ಡೆಸ್ಕ್‌ಟಾಪಿನ ಐಕಾನು, ಟಾಸ್ಕ್‌ಬಾರು ಎಲ್ಲ ಈ ಎಕ್ಸ್‌ಪ್ಲೋರರ್ ತೋರಿಸೋದು. ಸಾಲಿನಲ್ಲಿ ಯಾರು ಏಳಲಿಲ್ಲ ಅನ್ನೋದು ಸ್ಕ್ರೀನ್ ನೋಡಿದರೇ ಅರ್ಧ ಗೊತ್ತಾಗುತ್ತದೆ. ಬೂಟ್ ಮಾಡಲು ಡಿಸ್ಕೇ ಸಿಗುತ್ತಿಲ್ಲ ಅಂದರೆ ತೊಂದರೆ ಶುರುವಿನಲ್ಲೇ ಇದೆ. ಬ್ಲೂ ಸ್ಕ್ರೀನ್ ಬಂದರೆ ಕರ್ನಲ್ ಇಲ್ಲವೇ ಡ್ರೈವರ್ ಮೇಲೆ ಅನುಮಾನ. ಪಾಸ್‌ವರ್ಡ್ ತಗೊಂಡು ಆಮೇಲೆ ಬಾಣ ಮಾತ್ರ ಕಾಣುತ್ತಿದೆ ಅಂದರೆ ಖುಷಿಪಡಿ, ವಿಂಡೋಸ್ ಮುಕ್ಕಾಲು ಪಾಲು ಎದ್ದಾಗಿದೆ.

"ಪವರ್ ಬಟನ್ ಮುಟ್ಟಬೇಡ ಕಣಕ್ಕ," ಅಂದೆ. "ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಮೂರೂ ಒಟ್ಟಿಗೆ ಒತ್ತು."

ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ ರನ್ ನ್ಯೂ ಟಾಸ್ಕ್ ಹುಡುಕಿಸಿ, ಎಕ್ಸ್‌ಪ್ಲೋರರ್ ಡಾಟ್ ಇಎಕ್ಸ್‌ಇ ಅಂತ ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದೆ. "ಅಯ್ಯೋ, ಬಂತಲ್ಲೋ!" ಅಂತ ಕೂಗಿದಳು.

ಹಾಗಂತ ತಕ್ಷಣ ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡೋ ಜಾಗ) ಕೈ ಹಾಕಲಿಲ್ಲ. ಮೊದಲು ಥೀಸಿಸ್ ಫೋಲ್ಡರ್ ಪೆನ್‌ಡ್ರೈವ್‌ಗೆ ಹೋಯ್ತು. ಬರೀ ಡಾಕ್ಯುಮೆಂಟು, ಫೋಟೋ, ಪಿಡಿಎಫ್. ಸೆಟಪ್ ಫೈಲು, ಇಎಕ್ಸ್‌ಇ ಒಂದೂ ಬೇಡ ಅಂದೆ. ಕಾಪಿ ಮುಗಿದು ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲಿಟ್ಟ ಮೇಲೆ ಅವಳ ದನಿಯೇ ಬೇರೆ ಆಯ್ತು.

ಆಮೇಲೆ ವಿಡಿಯೋ ಕಾಲ್‌ನಲ್ಲಿ ರಿಜಿಸ್ಟ್ರಿ ಎಡಿಟರ್ ತೆಗೆಸಿದೆ. ವಿನ್‌ಲಾಗಾನ್ ಅನ್ನೋ ಕೀ (ರಿಜಿಸ್ಟ್ರಿಯ ಫೋಲ್ಡರ್ ಇದ್ದ ಹಾಗೆ) ಒಳಗೆ ಶೆಲ್ ಅಂತ ಒಂದು ಸಾಲು ಇರುತ್ತದೆ, ಡೆಸ್ಕ್‌ಟಾಪ್ ತೋರಿಸೋರು ಯಾರು ಅಂತ ಹೇಳೋದು ಅದು. ಲೋಕಲ್ ಮಷೀನ್, ಅಂದರೆ ಇಡೀ ಕಂಪ್ಯೂಟರಿನ ಸೆಟ್ಟಿಂಗುಗಳ ಕೆಳಗೆ ನೋಡಿದರೆ ಎಕ್ಸ್‌ಪ್ಲೋರರ್ ಅಂತಲೇ ಇತ್ತು. ಎಲ್ಲ ಸರಿ ಇದೆ! ನಾನು ಒಂದೈದು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯ್ತು, ಇದೇ ಕೀ ಕರೆಂಟ್ ಯೂಸರ್, ಅಂದರೆ ಈಗ ಲಾಗಿನ್ ಆಗಿರೋರ ಸೆಟ್ಟಿಂಗುಗಳ ಕೆಳಗೂ ಇದೆ. ಅಲ್ಲಿ ಶೆಲ್ ಅನ್ನೋ ಸಾಲು ಸಾಮಾನ್ಯವಾಗಿ ಇರೋದೇ ಇಲ್ಲ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಇತ್ತು. ಅದರ ಮುಂದೆ ಆ್ಯಪ್‌ಡೇಟಾ ಫೋಲ್ಡರಿನ ಒಂದು ಉದ್ದದ ವಿಳಾಸ, ಕೊನೆಗೆ ಅರ್ಥವಿಲ್ಲದ ಎಂಟು ಅಕ್ಷರದ ಫೈಲ್ ಹೆಸರು. ಆಂಟಿವೈರಸ್ ಅಳಿಸಿದ್ದು ಅದೇ ಫೈಲನ್ನ. ಆ ಒಂದು ಸಾಲು ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡಿಸಿದೆ, ಡೆಸ್ಕ್‌ಟಾಪ್ ತಾನಾಗೇ ಬಂತು.

ಒಂದು ಸಾಲು. ಇದಕ್ಕೆ ಡಿಸ್ಕ್ ಪೂರ್ತಿ ಅಳಿಸಬೇಕಿತ್ತಂತೆ.

(ಅದೇ ವಿನ್‌ಲಾಗಾನ್ ಕೀ ಒಳಗೆ ಯೂಸರ್‌ಇನಿಟ್ ಅಂತ ಇನ್ನೊಂದು ಸಾಲು ಇದೆ, ಅದರ ಕೊನೆಗೆ ಒಂದು ಕಾಮಾ ಇರುತ್ತದೆ. ಅದು ಟೈಪಿಂಗ್ ತಪ್ಪಲ್ಲ, ಇರೋದೇ ಹಾಗೆ, ತೆಗೆಯಬೇಡಿ. ಆದರೆ ಕಾಮಾ ಆದ ಮೇಲೆ ಇನ್ಯಾವುದೋ ಫೈಲಿನ ಹೆಸರು ಇದ್ದರೆ ಅನುಮಾನ ಪಡಿ.)

ಡೆಸ್ಕ್‌ಟಾಪ್ ತನಕವೂ ಬರದೇ ಇದ್ದರೆ ಕೆಲಸ ಜಾಸ್ತಿ. ವಿಂಡೋಸ್ ಎರಡು ಮೂರು ಸಲ ಬೂಟ್ ಆಗದೆ ಸೋತರೆ ತಾನೇ ರಿಪೇರಿ ಸ್ಕ್ರೀನಿಗೆ ಹೋಗುತ್ತದೆ. ಆದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ಎಷ್ಟೋ ರ‍್ಯಾನ್ಸಮ್‌ವೇರ್‌ಗಳು ಮೊದಲು ಮಾಡೋದೇ ಅದನ್ನು ಆಫ್ ಮಾಡಿ, ರಿಸ್ಟೋರ್ ಪಾಯಿಂಟುಗಳನ್ನು (ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಂಡಿದ್ದನ್ನು) ಅಳಿಸೋ ಕೆಲಸ. ಸ್ಯಾಲಿಟಿ ಅನ್ನೋ ಹಳೇ ವೈರಸ್ಸಂತೂ ಸೇಫ್ ಮೋಡಿಗೆ (ತೀರಾ ಬೇಕಾದಷ್ಟನ್ನೇ ಎಬ್ಬಿಸಿ ವಿಂಡೋಸ್ ಶುರು ಮಾಡೋ ಬಗೆ) ಬೇಕಾದ ರಿಜಿಸ್ಟ್ರಿ ಕೀಗಳನ್ನೇ ಅಳಿಸುತ್ತಿತ್ತು, ಸೇಫ್ ಮೋಡಿಗೆ ಹೋದರೆ ಬ್ಲೂ ಸ್ಕ್ರೀನ್. ಆಗ ಬೇರೆ ಕಂಪ್ಯೂಟರಿನಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡೋ ಯುಎಸ್‌ಬಿ ತಯಾರು ಮಾಡಿ ಅದರಿಂದ ಬೂಟ್ ಮಾಡಬೇಕು, ಅದೇ ರಿಪೇರಿ ಸಾಮಾನು ಅಲ್ಲೂ ಸಿಗುತ್ತದೆ. ಡಿಸ್ಕಿಗೆ ಬಿಟ್‌ಲಾಕರ್ ಅನ್ನೋ ವಿಂಡೋಸ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಬಹಳ ಸಲ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಸೇವ್ ಆಗಿರುತ್ತದೆ, ಫೋನಿನಿಂದ ಲಾಗಿನ್ ಆಗಿ ನೋಡಿ.

ಇಲ್ಲಿಂದ ಮುಂದೆ ವಿಡಿಯೋ ನೋಡಿ ಕಮಾಂಡ್ ಹೊಡೆಯೋರ ಕಾಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ಎಲ್ಲರಿಗೂ ಮೊದಲು ನೆನಪಾಗೋದು ಫಿಕ್ಸ್‌ಎಂಬಿಆರ್. ಎಂಬಿಆರ್ ಅಂದರೆ ಡಿಸ್ಕಿನ ಮೊಟ್ಟಮೊದಲ 512 ಬೈಟು, ಅದರಲ್ಲಿ 446 ಬೈಟು ಬೂಟ್ ಕೋಡ್. ಈ ಕಮಾಂಡ್ ಆ ಕೋಡನ್ನು ಹೊಸದಾಗಿ ಬರೆಯುತ್ತದೆ. ಬಯಾಸ್ ಅನ್ನೋ ಹಳೇ ಫರ್ಮ್‌ವೇರ್ ಇರೋ ಸಿಸ್ಟಮ್ಮಿಗೆ ಒಳ್ಳೇ ಮದ್ದೇ. ಆದರೆ ಯುಇಎಫ್‌ಐ ಅನ್ನೋ ಹೊಸ ಫರ್ಮ್‌ವೇರ್ ಇರೋ ಈಗಿನ ಸಿಸ್ಟಮ್ಮುಗಳು ಬೂಟ್ ಆಗೋದು ಆ ಕೋಡಿನಿಂದ ಅಲ್ಲವೇ ಅಲ್ಲ, ಇಎಫ್‌ಐ ಅನ್ನೋ ಬೇರೆ ಪಾರ್ಟಿಷನ್ನಿನಿಂದ. ಅಲ್ಲಿ ಫಿಕ್ಸ್‌ಎಂಬಿಆರ್ ಹತ್ತು ಸಲ ಹೊಡೆದರೂ ಏನೂ ಆಗಲ್ಲ, ಬೂಟ್ ಫೈಲುಗಳನ್ನು ಬಿಸಿಡಿಬೂಟ್ ಕಮಾಂಡಿನಿಂದ ಮತ್ತೆ ಹಾಕಿಸಬೇಕು. ಅದನ್ನು ಹೊಡೆಯೋ ಮುಂಚೆ ಡಿಐಆರ್ ಅಂತ ಹೊಡೆದು ವಿಂಡೋಸ್ ಯಾವ ಡ್ರೈವ್‌ನಲ್ಲಿದೆ ಅಂತ ನೋಡಿಕೊಳ್ಳಿ. ರಿಪೇರಿ ಸ್ಕ್ರೀನಿನಲ್ಲಿ ಸಿ ಡ್ರೈವ್ ಕೆಲವೊಮ್ಮೆ ಡಿ ಆಗಿ ಕೂತಿರುತ್ತದೆ.

ಇದಕ್ಕಿಂತ ಅಪಾಯದ ಸಲಹೆ ಇನ್ನೊಂದಿದೆ: ರೆಗ್‌ಬ್ಯಾಕ್ ಫೋಲ್ಡರಿನಿಂದ ಹಳೇ ರಿಜಿಸ್ಟ್ರಿ ಕಾಪಿ ಮಾಡಿ ಅನ್ನೋದು. ಒಂದು ಕಾಲಕ್ಕೆ ಸರಿ ಇತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803 ವರ್ಷನ್‌ನಿಂದ ವಿಂಡೋಸ್ ತಾನಾಗಿ ಅಲ್ಲಿ ಬ್ಯಾಕಪ್ ಇಡೋದನ್ನೇ ನಿಲ್ಲಿಸಿದೆ. ಫೈಲುಗಳು ಕಾಣುತ್ತವೆ, ಸೈಜ್ ನೋಡಿದರೆ ಸೊನ್ನೆ. ಆ ಸೊನ್ನೆಯನ್ನು ಅಸಲಿ ರಿಜಿಸ್ಟ್ರಿ ಮೇಲೆ ಕಾಪಿ ಮಾಡಿದರೆ ಮಾಲ್‌ವೇರ್ ಉಳಿಸಿದ್ದನ್ನೂ ನಾವೇ ಕಳೆದ ಹಾಗೆ, ಅಲ್ವಾ?

ಹುಷಾರಾಗಿರಿ, ತಪ್ಪು ಯಾರದು ಅನ್ನೋದೂ ಯಾವಾಗಲೂ ಮೇಲ್ನೋಟಕ್ಕೆ ಕಾಣಲ್ಲ. 2010ರ ಫೆಬ್ರವರಿಯಲ್ಲಿ ವಿಂಡೋಸ್‌ಗೆ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು, ಹಾಕಿಕೊಂಡ ಎಷ್ಟೋ ಕಂಪ್ಯೂಟರ್ ಬ್ಲೂ ಸ್ಕ್ರೀನ್ ಹೊಡೆದು ಮತ್ತೆ ಏಳಲೇ ಇಲ್ಲ. ಎಲ್ಲರೂ ಅಪ್‌ಡೇಟನ್ನು ಬೈದರು. ನೋಡಿದರೆ ಅಲ್ಯೂರಿಯನ್ ಅನ್ನೋ ರೂಟ್‌ಕಿಟ್ (ಸಿಸ್ಟಮ್ಮಿನ ಆಳದಲ್ಲಿ ಅಡಗೋ ಮಾಲ್‌ವೇರ್) ಮೊದಲೇ ಒಳಗೆ ಸೇರಿಕೊಂಡಿತ್ತು. ಕರ್ನಲ್ಲಿನಲ್ಲಿ ಯಾವುದು ಎಲ್ಲಿದೆ ಅನ್ನೋ ವಿಳಾಸಗಳನ್ನು ಅದು ಮುಂಚೆಯೇ ಬರೆದಿಟ್ಟುಕೊಂಡಿತ್ತು. ಅಪ್‌ಡೇಟ್ ಬಂದು ವಿಳಾಸ ಬದಲಾಯ್ತು, ಅದು ಹಳೇ ಮನೆ ಬಾಗಿಲು ತಟ್ಟಿ ಇಡೀ ಸಿಸ್ಟಮ್ಮನ್ನೇ ಕೆಡವಿತು.

ಇಂಥ ರೂಟ್‌ಕಿಟ್ ಹೊಕ್ಕಿದೆ ಅಂತ ಗೊತ್ತಾದರೆ, ರ‍್ಯಾನ್ಸಮ್‌ವೇರ್ ಬಂದಿದ್ದರೆ, ನಾನೂ ಫಾರ್ಮ್ಯಾಟ್ ಅಂತಲೇ ಹೇಳೋದು. ಒಳಗೆ ಇನ್ನೇನು ಬಿಟ್ಟು ಹೋಗಿದೆಯೋ ಯಾರಿಗೆ ಗೊತ್ತು. ಅಷ್ಟೇಕೆ, ಅಕ್ಕನ ಲ್ಯಾಪ್‌ಟಾಪನ್ನೂ ಆ ಭಾನುವಾರ ನಾನೇ ಹೋಗಿ ಪೂರ್ತಿ ಅಳಿಸಿ ಹೊಸ ವಿಂಡೋಸ್ ಹಾಕಿದೆ. ನಗಬೇಡಿ. ಥೀಸಿಸ್ ಎರಡು ಕಡೆ ಕಾಪಿ ಆಗಿತ್ತು, ಅವಳ ಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡುಗಳನ್ನು ಅದೇ ರಾತ್ರಿ ಫೋನಿನಿಂದ ಬದಲಾಯಿಸಿಯಾಗಿತ್ತು (ಸೋಂಕು ತಗುಲಿದ ಲ್ಯಾಪ್‌ಟಾಪಿನಲ್ಲೇ ಕೂತು ಪಾಸ್‌ವರ್ಡ್ ಬದಲಾಯಿಸಿದರೆ ಹೊಸದನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ), ಮಾಲ್‌ವೇರ್ ಎಲ್ಲಿಂದ ಬಂತು ಅಂತಲೂ ಸಿಕ್ಕಿತ್ತು: ಹೆಸರೇ ಕೇಳಿರದ ಒಂದು ಸೈಟಿನಿಂದ ಇಳಿಸಿಕೊಂಡ ಬಿಟ್ಟಿ ಪಿಡಿಎಫ್ ಕನ್ವರ್ಟರ್. ಇದಿಷ್ಟೂ ತಿಳಿಯದೆ ಅಳಿಸಿದ್ದರೆ ಮುಂದಿನ ವಾರ ಅದನ್ನೇ ಮತ್ತೆ ಇಳಿಸಿಕೊಳ್ಳುತ್ತಿದ್ದಳು.

ಸುಮ್ನೆ ಹೇಳ್ತಿಲ್ಲ. ಹೊಸ ವಿಂಡೋಸ್ ಹಾಕಿ ಮುಗಿಸಿ ಎದ್ದೆ, ಚಾರ್ಜರ್ ಸುತ್ತಿಡುತ್ತಾ ಕೇಳಿದಳು, "ಆ ಕನ್ವರ್ಟರ್ ಒಂದು ಹಾಕಿಕೊಡೋ, ಚೆನ್ನಾಗಿತ್ತು ಅದು."

ವರ್ಡ್‌ನಲ್ಲೇ ಸೇವ್ ಆ್ಯಸ್ ಕೊಟ್ಟು ಪಿಡಿಎಫ್ ಮಾಡಬಹುದು ಅಂತ ಅವಳಿಗೆ ಮೂರು ವರ್ಷದಿಂದ ಯಾರೂ ಹೇಳಿರಲಿಲ್ಲ.